ತುಘ್ರಾ ಇರುವ ಬೆಳ್ಳಿ ನಾಣ್ಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೈದರಾಬಾದ್ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ಕುರಿತ ಕಂತು ಬಂದ ಮೇಲೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದು ಮಾತು ಮತ್ತೆಮತ್ತೆ ಕಂಡಿತು: ನಿಜಾಮರ ನಾಣ್ಯಗಳ ನಡುವೆ ನಿಜಾಮರದಲ್ಲದ, ಆದರೆ ಅದೇ ಲಿಪಿಯ ಬೆಳ್ಳಿ ನಾಣ್ಯ. ಅವುಗಳಲ್ಲಿ ಹಲವು ಆಟೊಮನ್ ತುರ್ಕರವು. ಈ ಸಲದ ಕಂತು ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ (ಆಳಂದ): ನಮ್ಮ ಮುತ್ಯಾನ ಟ್ರಂಕಿನಲ್ಲಿ ಚಾರ್ಮಿನಾರ್ ರೂಪಾಯಿಗಳ ಜೊತೆ ಒಂದು ದೊಡ್ಡ ಬೆಳ್ಳಿ ನಾಣ್ಯ ಸಿಕ್ಕಿದೆ. ತೂಕ 23.8 ಗ್ರಾಂ. ಒಂದು ಬದಿ ಬಳ್ಳಿ ಹೆಣೆದಂಥ ಬರಹ, ಅದರ ಕೆಳಗೆ ಅಂಕಿ. ಇನ್ನೊಂದು ಬದಿ ಅಕ್ಷರಗಳು, ಮತ್ತೊಂದು ಅಂಕಿ. ಉರ್ದು ಬಲ್ಲ ಗೆಳೆಯ ಒಂದನ್ನು 1255, ಇನ್ನೊಂದನ್ನು 17 ಎಂದು ಓದಿದ. ಅಂಗಡಿಯವರು ‘ನಿಜಾಮರದೇ, ಚಾರ್ಮಿನಾರ್ ಬರೋಕಿಂತ ಮೊದಲಿಂದು’ ಅಂತಾರೆ. ಖರೇನ?

ಉತ್ತರ: ಅಲ್ಲ. ತೂಕವೊಂದೇ ಸಾಕು. ನಿಜಾಮರ ಹಾಲಿ ಸಿಕ್ಕಾ ರೂಪಾಯಿ 11.18 ಗ್ರಾಂ ಸುಮಾರಿನದು, ಬ್ರಿಟಿಷ್ ಇಂಡಿಯಾದ ರೂಪಾಯಿ 11.66 ಗ್ರಾಂ. ನಿಮ್ಮ ನಾಣ್ಯ ಅವುಗಳ ಎರಡರಷ್ಟಿದೆ. ಅದು ಆಟೊಮನ್ನರ 20 ಕುರುಶ್ ಮುಖಬೆಲೆಯ ಬೆಳ್ಳಿ ನಾಣ್ಯ, ಮೆಜಿದಿಯೆ. ಸುಲ್ತಾನ ಅಬ್ದುಲ್ ಮೆಜಿದ್ 1844ರಲ್ಲಿ ನಾಣ್ಯ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದಾಗ ಟಂಕಿಸಿದ್ದು, ಹೆಸರೂ ಅವನಿಂದಲೇ ಬಂತು. ಹೊಸತಿದ್ದಾಗ ತೂಕ 24.055 ಗ್ರಾಂ, ಅಡ್ಡಳತೆ 37 ಮಿಲಿಮೀಟರ್, ಸಾವಿರಕ್ಕೆ 830 ಪಾಲು ಬೆಳ್ಳಿ. ನಿಮ್ಮದರಲ್ಲಿ ಕಾಲು ಗ್ರಾಂ ಸವೆದಿದೆ, ಅಂದರೆ ನೂರಕ್ಕೆ ಒಂದು ಪಾಲು. ಕೈಯಿಂದ ಕೈಗೆ ಓಡಾಡಿದ ನಾಣ್ಯಕ್ಕೆ ಅಷ್ಟು ಸವೆತ ಸಹಜ.

ಬಳ್ಳಿ ಹೆಣೆದಂತೆ ಕಾಣುವುದು ತುಘ್ರಾ, ಸುಲ್ತಾನನ ಅಂಕಿತ. ಎಡಕ್ಕೆ ಮೊಟ್ಟೆಯಾಕಾರದ ಎರಡು ಸುತ್ತು, ಮೇಲಕ್ಕೆದ್ದ ಮೂರು ಕಂಬ, ಬಲಕ್ಕೆ ಚಾಚಿದ ಎರಡು ತೋಳು, ಬುಡದಲ್ಲಿ ಹೆಸರುಗಳ ರಾಶಿ. ಆ ರಾಶಿಯಲ್ಲಿ ಸುಲ್ತಾನನ ಹೆಸರು, ತಂದೆಯ ಹೆಸರು, ‘ಸದಾ ವಿಜಯಿ’ ಎಂಬ ಬಿರುದು ಇರುತ್ತವೆ. ಇನ್ನೊಂದು ಬದಿಯಲ್ಲಿ ‘ಕುಸ್ತಂತಿನಿಯಾದಲ್ಲಿ ಟಂಕಿಸಿದ್ದು’ ಎಂದಿದೆ, ಅಂದರೆ ಇಂದಿನ ಇಸ್ತಾಂಬುಲ್.

ಇನ್ನು ತಾರೀಖು. ನಮ್ಮ ಭಾಗದ ಸಂಗ್ರಾಹಕರು ಎಡವುವುದು ಇಲ್ಲೇ, ಯಾಕೆಂದರೆ ನಿಜಾಮರ ನಾಣ್ಯ ಓದಿದ ರೂಢಿಯಲ್ಲೇ ತುರ್ಕರ ನಾಣ್ಯವನ್ನೂ ಓದುತ್ತಾರೆ. ಹಾಲಿ ಸಿಕ್ಕಾದ ಮೇಲೆ ನಾಣ್ಯ ಟಂಕಿಸಿದ ಹಿಜ್ರಿ (ಇಸ್ಲಾಮೀ ಪಂಚಾಂಗದ) ವರ್ಷವೇ ಇರುತ್ತದೆ, ಆಳ್ವಿಕೆಯ ವರ್ಷವೂ ಜೊತೆಗಿರುತ್ತದೆ. ನಿಮ್ಮ ಮೆಜಿದಿಯೆಯಲ್ಲಿರುವ ದೊಡ್ಡ ಅಂಕಿ ಸುಲ್ತಾನ ಪಟ್ಟಕ್ಕೆ ಬಂದ ವರ್ಷ. ಅವನು ಎಷ್ಟು ಕಾಲ ಆಳಿದರೂ ಅದು ಬದಲಾಗುವುದಿಲ್ಲ. ತುಘ್ರಾದ ಕೆಳಗಿನ ಚಿಕ್ಕ ಅಂಕಿ ಆಳ್ವಿಕೆಯ ಎಷ್ಟನೇ ವರ್ಷ ಎಂಬುದು. ಪಟ್ಟದ ವರ್ಷಕ್ಕೆ ಆಳ್ವಿಕೆಯ ವರ್ಷ ಕೂಡಿಸಿ ಒಂದು ಕಳೆಯಿರಿ: 1255ಕ್ಕೆ 17 ಕೂಡಿಸಿ 1 ಕಳೆದರೆ 1271. ಇದು ಹಿಜ್ರಿ ವರ್ಷ. ಕ್ರಿಸ್ತಶಕಕ್ಕೆ ತರಲು ಅದನ್ನು 0.97ರಿಂದ ಗುಣಿಸಿ 622 ಸೇರಿಸಿ. 1232.9 ಮತ್ತು 622, ಒಟ್ಟು 1854.9. ನಾಣ್ಯ 1854-55ರದು, ಕ್ರಿಮಿಯಾ ಯುದ್ಧ ನಡೆಯುತ್ತಿದ್ದ ಹೊತ್ತಿನದು. ಬರೀ 1255 ಓದಿ 1839 ಎಂದುಕೊಂಡರೆ ಮೆಜಿದಿಯೆ ಹುಟ್ಟುವುದಕ್ಕಿಂತ ಐದು ವರ್ಷ ಹಿಂದೆ ಹೋಗಿಬಿಡುತ್ತೀರಿ!

ಅಂಕಿಗಳನ್ನು ಗೆಳೆಯರ ಹಂಗಿಲ್ಲದೆ ನೀವೇ ಓದಬಹುದು. ಒಂದು ಎಂದರೆ ನೇರ ಗೆರೆ. ಎರಡಕ್ಕೆ ಅದೇ ಗೆರೆಯ ತಲೆಯಲ್ಲಿ ಒಂದು ಕೊಕ್ಕೆ, ಮೂರಕ್ಕೆ ಬಾಚಣಿಗೆಯಂತೆ ಹಲ್ಲುಗಳು. ನಾಲ್ಕು, ಇಂಗ್ಲಿಷಿನ 3ನ್ನು ಕನ್ನಡಿಯಲ್ಲಿ ನೋಡಿದ ಹಾಗೆ. ಐದು ದುಂಡಗೆ, ಕನ್ನಡದ ಸೊನ್ನೆಯಂತೆ. ಕನ್ನಡ ಓದುವ ಕಣ್ಣು ಮೊದಲು ತಪ್ಪುವುದು ಇಲ್ಲಿ. ನಿಜವಾದ ಸೊನ್ನೆ ಬರೀ ಒಂದು ಚುಕ್ಕೆ. ಆರು ಇಂಗ್ಲಿಷಿನ 7ನ್ನು ಹೋಲುತ್ತದೆ. ಏಳು ಬಾಯಿ ಮೇಲಾದ ಲಾಳಿಕೆ, ಎಂಟು ಗುಡಿಸಲಿನ ಮಾಡು. ನಾಣ್ಯ ತಲೆಕೆಳಗಾಗಿ ಹಿಡಿದರೆ 7 ಎಂಟಾಗುತ್ತದೆ, 8 ಏಳಾಗುತ್ತದೆ. ಆದ್ದರಿಂದ ಮೊದಲು ತುಘ್ರಾದ ಮೂರು ಕಂಬ ಮೇಲೆ ಬರುವಂತೆ ಹಿಡಿದುಕೊಳ್ಳಿ, ಆಮೇಲೆ ಓದಿ. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ನಮ್ಮಂತೆ ಎಡದಿಂದ ಬಲಕ್ಕೇ.

ಪಟ್ಟದ ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು ಆಲ್ಬಮ್ಮಿನ ಒಳರಟ್ಟಿಗೆ ಅಂಟಿಸಿಡಿ: ಎರಡನೇ ಮಹಮೂದ್ 1223, ಅಬ್ದುಲ್ ಮೆಜಿದ್ 1255, ಅಬ್ದುಲ್ ಅಜೀಜ್ 1277, ಐದನೇ ಮುರಾದ್ ಮತ್ತು ಎರಡನೇ ಅಬ್ದುಲ್ ಹಮೀದ್ ಇಬ್ಬರದೂ 1293, ಐದನೇ ಮೆಹಮದ್ 1327, ಆರನೇ ಮೆಹಮದ್ 1336. 1808ರಿಂದ ಈಚಿನ ನಾಣ್ಯಗಳಿಗೆ ಇಷ್ಟೇ ಸಾಕು.

ಪ್ರಶ್ನೆ (ಹುಮನಾಬಾದ): 1293ರ ತುರ್ಕಿ ಬೆಳ್ಳಿ ನಾಣ್ಯವೊಂದನ್ನು ‘ಐದನೇ ಮುರಾದನದು, ಬಹಳ ಅಪರೂಪ’ ಎಂದು ಹೇಳಿ ಹತ್ತು ಪಟ್ಟು ಬೆಲೆ ಕೇಳುತ್ತಿದ್ದಾರೆ. ತುಘ್ರಾದ ಕೆಳಗೆ 11 ಇದೆ. ಕೊಳ್ಳಬಹುದೇ?

ಉತ್ತರ: ಆ ಬೆಲೆಗೆ ಖಂಡಿತ ಬೇಡ. ಐದನೇ ಮುರಾದ್ ಆಳಿದ್ದು 1876ರ ಮೇ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, 93 ದಿನ. ಅವನ ನಾಣ್ಯದಲ್ಲಿ ಆಳ್ವಿಕೆಯ ವರ್ಷ 1ನ್ನು ದಾಟಲು ಸಾಧ್ಯವೇ ಇಲ್ಲ. ಅದೇ ವರ್ಷ ಪಟ್ಟಕ್ಕೆ ಬಂದ ಅವನ ತಮ್ಮ ಎರಡನೇ ಅಬ್ದುಲ್ ಹಮೀದ್ 1909ರವರೆಗೆ ಆಳಿದ. ಅವನ ಎಲ್ಲ ನಾಣ್ಯಗಳಲ್ಲೂ 1293 ಇದೆ. ನಿಮಗೆ ತೋರಿಸಿದ್ದು ಹಿಜ್ರಿ 1303ರದು, ಅಂದರೆ 1886ರ ಸುಮಾರಿನದು.

ಆಳ್ವಿಕೆಯ ವರ್ಷ 1 ಇದ್ದರೂ ಅಷ್ಟಕ್ಕೇ ನಂಬಬೇಡಿ, ಏಕೆಂದರೆ ಅಬ್ದುಲ್ ಹಮೀದನ ಮೊದಲ ವರ್ಷದ ನಾಣ್ಯಗಳೂ ಇವೆ. ಆಗ ತುಘ್ರಾದ ಬುಡದ ಹೆಸರನ್ನೇ ಓದಬೇಕು: ಒಂದರಲ್ಲಿ ‘ಮುರಾದ್’, ಇನ್ನೊಂದರಲ್ಲಿ ‘ಅಬ್ದುಲ್ ಹಮೀದ್’. ತಂದೆ ಇಬ್ಬರಿಗೂ ಒಬ್ಬನೇ, ಹಾಗಾಗಿ ತಂದೆಯ ಹೆಸರು ನೆರವಿಗೆ ಬಾರದು. ಅಬ್ದುಲ್ ಹಮೀದನ ಆರಂಭದ ನಾಣ್ಯಗಳಲ್ಲಿ ತುಘ್ರಾದ ಬಲಕ್ಕೆ ಹೂವಿನ ಗುರುತು, ಆಮೇಲಿನವುಗಳಲ್ಲಿ ‘ಅಲ್ ಘಾಜಿ’ ಎಂಬ ಬಿರುದು. ‘ಘಾಜಿ’ ಕಂಡರೆ ಮುರಾದನ ಮಾತು ಅಲ್ಲಿಗೇ ಮುಗಿಯಿತು. ಐದನೇ ಮೆಹಮದನ ನಾಣ್ಯಗಳಲ್ಲಿ ಅದೇ ಜಾಗದಲ್ಲಿ ಮೊದಲು ‘ರಶಾದ್’ ಇದ್ದು, ಆಳ್ವಿಕೆಯ ಏಳನೇ ವರ್ಷದಿಂದ ‘ಅಲ್ ಘಾಜಿ’ ಬಂದಿದೆ.

ಇನ್ನೊಂದು ಗೊಂದಲಕ್ಕೂ ಇಲ್ಲೇ ಉತ್ತರಿಸಿಬಿಡೋಣ. 1293 ಇದ್ದು ಟಂಕಸಾಲೆಯ ಹೆಸರು ‘ಮಿಸ್ರ್’ ಎಂದಿದ್ದರೆ ಅದು ಈಜಿಪ್ಟಿನದು. ಆಗ ಈಜಿಪ್ಟ್ ಹೆಸರಿಗಾದರೂ ಸುಲ್ತಾನನ ಅಧೀನದಲ್ಲಿತ್ತು, ತುಘ್ರಾ ಅವನದೇ. ಅಲ್ಲಿಯ 20 ಕಿರ್ಶ್ (ಕುರುಶ್‌ಗೆ ಅಲ್ಲಿಯ ಹೆಸರು) 28 ಗ್ರಾಂ ತೂಗುತ್ತದೆ, ಬೆಳ್ಳಿ ಸಾವಿರಕ್ಕೆ 833 ಪಾಲು. ಅದನ್ನು ಮೆಜಿದಿಯೆಯ ತೂಕದ ಪಟ್ಟಿಗೆ ಹೋಲಿಸಿ ‘ತೂಕ ಹೆಚ್ಚಿದೆ, ಖೋಟಾ’ ಎಂದು ಒಳ್ಳೆಯ ನಾಣ್ಯವನ್ನು ಕೈಬಿಡಬೇಡಿ.

ಪ್ರಶ್ನೆ (ಶಹಾಬಾದ): ಸರಾಫ್ ಬಜಾರಿನಲ್ಲಿ ತೋರಿಸಿದರೆ ಒರೆಗಲ್ಲಿಗೆ ತಿಕ್ಕಿ ನೋಡುತ್ತೇವೆ ಅಂತಾರೆ. ನಾಣ್ಯಕ್ಕೆ ಗೀರು ಬೀಳದಂತೆ ಮನೆಯಲ್ಲೇ ಬೆಳ್ಳಿ ಹೌದೋ ಅಲ್ಲವೋ ನೋಡಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಒರೆಗಲ್ಲು ಒಡವೆಗೆ ಸರಿ, ನಾಣ್ಯಕ್ಕೆ ಬೇಡ. ಅಂಚಿನಲ್ಲಿ ತಿಕ್ಕಿದ ಒಂದು ಗೀರೂ ಬೆಲೆಯನ್ನು ಇಳಿಸುತ್ತದೆ. ನೀರಿನಲ್ಲಿ ತೂಗಿ ನೋಡುವ ವಿಧಾನ ಇದೆ. ಬೇಕಾದದ್ದು ಒಂದು ಗ್ರಾಂನ ನೂರನೇ ಪಾಲಿನವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ಗಾಜಿನ ಲೋಟ, ತೆಳು ನೈಲಾನ್ ದಾರ.

ಮೊದಲು ನಾಣ್ಯವನ್ನು ಒಣಗಿದ್ದಾಗಲೇ ತೂಗಿ ಬರೆದುಕೊಳ್ಳಿ. ಲೋಟಕ್ಕೆ ಅರ್ಧಕ್ಕಿಂತ ಮೇಲೆ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಸೊನ್ನೆಗೆ ತರುವ ಮೊದಲೇ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದರೆ ಗುಳ್ಳೆ ಅಂಟುವುದಿಲ್ಲ. ದಾರ ಕಟ್ಟಿದ ನಾಣ್ಯವನ್ನು ಕೈಯಲ್ಲಿ ತೂಗುಹಾಕಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ತಳಕ್ಕೆ ತಾಗಿದರೆ ನಾಣ್ಯದ ತೂಕವೂ ತಕ್ಕಡಿಗೆ ಬಿದ್ದು ಅಂಕಿ ಒಮ್ಮೆಲೇ ಏರುತ್ತದೆ. ತಕ್ಕಡಿ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ.

ಆಳಂದದವರ 23.8 ಗ್ರಾಂ ಮೆಜಿದಿಯೆಗೆ ತಕ್ಕಡಿಯಲ್ಲಿ 2.33 ಗ್ರಾಂ ಸುಮಾರು ಬರಬೇಕು, ಭಾಗಿಸಿದರೆ 10.2. ಶುದ್ಧ ಬೆಳ್ಳಿಗೆ 10.49, ತಾಮ್ರಕ್ಕೆ 8.96. ಈ ನಾಣ್ಯದಲ್ಲಿ ತಾಮ್ರ ಬೆರೆತಿರುವುದರಿಂದ 10.2 ಸರಿಯಾದ ಉತ್ತರ. ಹಾಲಿ ಸಿಕ್ಕಾದ ಚಾರ್ಮಿನಾರ್ ರೂಪಾಯಿಗೂ, ಸಾವಿರಕ್ಕೆ 818 ಪಾಲು ಬೆಳ್ಳಿ ಇರುವುದಕ್ಕೆ, ಸುಮಾರು ಅಷ್ಟೇ ಬರುತ್ತದೆ, ತಕ್ಕಡಿಯಲ್ಲಿ 1.10. ಮೆಜಿದಿಯೆ ಎಂದು ಕೊಟ್ಟದ್ದು 2.7 ತೋರಿಸಿದರೆ ಅದು ತಾಮ್ರ-ನಿಕಲ್, 2.8 ತೋರಿಸಿದರೆ ಹಿತ್ತಾಳೆಯ ಮೇಲೆ ಬೆಳ್ಳಿ ಲೇಪ.

ಈ ಪರೀಕ್ಷೆಗೂ ಮಿತಿಗಳಿವೆ. ದಾರ, ಗುಳ್ಳೆ, ಕೈನಡುಕ ಸೇರಿ 0.02 ಗ್ರಾಂ ಆಚೀಚೆ ಆಗುತ್ತದೆ. ದೊಡ್ಡ ನಾಣ್ಯಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ 1.2 ಗ್ರಾಂ ತೂಗುವ 1 ಕುರುಶ್ ನಾಣ್ಯ ಸರಿಸುವ ನೀರೇ 0.12 ಗ್ರಾಂ, ಅಲ್ಲಿ ಉತ್ತರ ಎಂಟೂವರೆಯೂ ಆದೀತು, ಹನ್ನೆರಡೂ ಆದೀತು. ಚಿಕ್ಕ ನಾಣ್ಯಕ್ಕೆ ಈ ತಕ್ಕಡಿ ಸಾಲದು. ಎರಡನೆಯದು, ಎರಡನೇ ಮಹಮೂದನ ಕಾಲದಲ್ಲಿ ಖಜಾನೆ ಬರಿದಾಗಿ ನಾಣ್ಯದ ಬೆಳ್ಳಿಯನ್ನು ಮತ್ತೆಮತ್ತೆ ಇಳಿಸಿದರು, ಕೆಲವಲ್ಲಿ ಕಾಲು ಪಾಲಿಗೂ ಕಡಿಮೆ. 1223ರ ನಾಣ್ಯ 9.3 ತೋರಿಸಿದರೆ ಖೋಟಾ ಎಂದು ತೀರ್ಮಾನಿಸಬೇಡಿ. ಅಸಲೀ ನಾಣ್ಯವೇ ಹಾಗಿದೆ.

ಮೂರನೆಯದು ಹೆಚ್ಚು ಅಪಾಯದ್ದು: ಸರಿಯಾದ ಬೆಳ್ಳಿಯಲ್ಲೇ ಎರಕ ಹೊಯ್ದ ನಕಲು. ಅದು ನೀರಿನ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದಕ್ಕೆ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ಅಕ್ಷರದ ಬುಡ ನೋಡಿ. ಅಚ್ಚು ಒತ್ತಿದ ನಾಣ್ಯದಲ್ಲಿ ಅಕ್ಷರ ನೆಲದಿಂದ ಚೂಪಾಗಿ ಏಳುತ್ತದೆ. ಎರಕದ್ದರಲ್ಲಿ ಬಳಸಿದ ಸೋಪಿನ ಮೇಲಿನ ಅಕ್ಷರದಂತೆ ಮೊಂಡಾಗಿರುತ್ತದೆ, ನೆಲದಲ್ಲಿ ಸೂಜಿಮೊನೆಯಷ್ಟು ಕುಳಿಗಳು, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಅಥವಾ ಅದನ್ನು ಉಜ್ಜಿ ತೆಗೆದ ಗುರುತು. ಅಯಸ್ಕಾಂತಕ್ಕೆ ಅಂಟಿದರೆ ಖೋಟಾ ಎನ್ನಬಹುದು, ಅಂಟದಿದ್ದರೆ ಏನನ್ನೂ ಹೇಳಲಾಗದು. ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ.

ಪ್ರಶ್ನೆ (ಯಾದಗಿರಿ): ನಾಲ್ಕು ತುರ್ಕಿ ನಾಣ್ಯಗಳಲ್ಲಿ ಒಂದನ್ನು ನಮ್ಮವ್ವ ದೇವರ ಸಾಮಾನಿನ ಜೊತೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿಬಿಟ್ಟಾಳೆ. ಫಳಫಳ ಹೊಳೀತದ. ಉಳಿದ ಮೂರು ಕಪ್ಪಗಿವೆ. ಅವನ್ನು ಹೇಗೆ ಸ್ವಚ್ಛ ಮಾಡಲಿ?

ಉತ್ತರ: ಉಳಿದ ಮೂರನ್ನು ದಯವಿಟ್ಟು ಹಾಗೇ ಬಿಡಿ. ಆ ಕಪ್ಪು ಗಾಳಿಯ ಗಂಧಕದೊಂದಿಗೆ ಬೆಳ್ಳಿ ಸೇರಿ ಆದ ತೆಳು ಪದರ. ವರ್ಷಗಟ್ಟಲೆ ನಿಧಾನಕ್ಕೆ ಕೂತ ಈ ಪದರ ಒಳಗಿನ ಮೈಯನ್ನು ಕಾಯುತ್ತದೆ. ನಾಣ್ಯ ಬಲ್ಲವರು ಅದನ್ನು ನೋಡಿಯೇ ಹೆಚ್ಚು ಬೆಲೆ ಕೊಡುತ್ತಾರೆ. ಹುಣಸೆಯ ಹುಳಿ ಮಿಶ್ರಲೋಹದ ಮೇಲ್ಮೈಯಲ್ಲಿರುವ ತಾಮ್ರವನ್ನು ತಿನ್ನುತ್ತದೆ, ವಿಭೂತಿಯ ಕಣ ಮೈಯೆಲ್ಲ ಕೂದಲೆಳೆಯ ಗೀರು ಎಳೆಯುತ್ತದೆ. ದೀಪದಡಿ ಓರೆಯಾಗಿ ಹಿಡಿದರೆ ಆ ಗೀರುಗಳು ಎಣಿಸುವಷ್ಟು ಸ್ಪಷ್ಟ. ಟೂತ್‌ಪೇಸ್ಟ್, ನಿಂಬೆಹಣ್ಣು, ಅಡುಗೆ ಸೋಡಾ ಮತ್ತು ಅಲ್ಯುಮಿನಿಯಂ ಹಾಳೆ, ಬೆಳ್ಳಿ ಹೊಳಪಿನ ದ್ರವ, ಪತ್ತಾರರ ಬ್ರಷ್ಷು, ಯಾವುದೂ ಬೇಡ. ತಿಕ್ಕಿದ ನಾಣ್ಯಕ್ಕೆ ಈಗ ಮಾಡುವಂಥದ್ದು ಏನೂ ಇಲ್ಲ. ಚೆನ್ನಾಗಿ ಬಟ್ಟಿ ಇಳಿಸಿದ ನೀರಲ್ಲಿ ತೊಳೆದು ಒಣಗಿಸಿ ಇಡಿ, ವರ್ಷಗಳಲ್ಲಿ ಮತ್ತೆ ಬಣ್ಣ ಕೂರುತ್ತದೆ. ಅವ್ವನನ್ನು ಬಯ್ಯಬೇಡಿ, ದೇವರ ಸಾಮಾನಿಗೆ ಅದು ಸರಿಯಾದ ಕ್ರಮವೇ.

ಮಣ್ಣು, ಎಣ್ಣೆಜಿಡ್ಡು ಇದ್ದರೆ ಮಾತ್ರ ಕೈಹಾಕಿ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನಲ್ಲಿ 24 ಗಂಟೆ ನೆನೆಸಿ, ನೀರು ಬದಲಿಸಿ ಮತ್ತೊಮ್ಮೆ. ಜಿಡ್ಡಿಗೆ ಮತ್ತು ಪ್ಲಾಸ್ಟಿಕ್ಕಿನಿಂದ ಬಂದ ಹಸಿರು ಅಂಟಿಗೆ ಶುದ್ಧ ಅಸಿಟೋನ್, ಗಾಜಿನ ಬಟ್ಟಲಲ್ಲಿ ಹತ್ತು ನಿಮಿಷ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಎಣ್ಣೆ ಬೆರೆತಿರುವುದರಿಂದ ಅದು ಕೆಲಸಕ್ಕೆ ಬಾರದು. ಅಸಿಟೋನ್ ತಟ್ಟನೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಬಾಟಲಿ ತೆರೆಯಬೇಡಿ. ಆಮೇಲೆ ಹತ್ತಿಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ, ಉಜ್ಜಬೇಡಿ.

ಇಡುವ ವಿಷಯ. ಮೆತ್ತಗಿನ, ವಾಸನೆ ಬರುವ ಪ್ಲಾಸ್ಟಿಕ್ ಜೇಬಿನ ಆಲ್ಬಮ್ ಪಿ.ವಿ.ಸಿ.ಯದು. ನಾಣ್ಯದ ಮೇಲೆ ಹಸಿರು ಅಂಟು ಬರುವುದು ಇದರಿಂದಲೇ, ಬಿಸಿಲು ಹೆಚ್ಚಿದಷ್ಟೂ ಬೇಗ. ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಅಲ್ಮಾರಿಯ ಒಳಗೆ ಎಷ್ಟು ಕಾವು ಇರುತ್ತದೆಂದು ನಿಮಗೇ ಗೊತ್ತು. ಪಾಲಿಯೆಸ್ಟರ್ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕಗಳಲ್ಲಿ ಹಾಕಿ. ಸ್ಟೇಪಲ್ ಪಿನ್ ಒತ್ತಿದ ಮೇಲೆ ಕಾಲುಗಳನ್ನು ಚಪ್ಪಟೆ ಮಾಡಿ, ಇಲ್ಲವಾದರೆ ಪಕ್ಕದ ನಾಣ್ಯಕ್ಕೆ ಗೀರುತ್ತವೆ. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅದರಲ್ಲಿ ಗಂಧಕವಿದೆ. ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ.

ಪ್ರಶ್ನೆ (ಬಸವಕಲ್ಯಾಣ): ತೂತು ಇರುವ, ಕುಣಿಕೆ ಬೆಸೆದ ತುರ್ಕಿ ನಾಣ್ಯ ಕೊಳ್ಳಬಹುದೇ? ಕುಣಿಕೆ ತೆಗೆಸಲೇ?

ಉತ್ತರ: ಅನಾತೋಲಿಯಾ (ಟರ್ಕಿಯ ಏಷ್ಯಾ ಭಾಗ), ಬಾಲ್ಕನ್ ಕಡೆ ಹೆಂಗಸರು ಬೆಳ್ಳಿ ನಾಣ್ಯಗಳನ್ನು ತಲೆಯುಡುಗೆಗೆ, ಸರಕ್ಕೆ ಪೋಣಿಸುತ್ತಿದ್ದರು, ನಮ್ಮಲ್ಲಿ ರೂಪಾಯಿ ಸರ ಮಾಡಿಸಿದಂತೆಯೇ. ತೂತಿನ ನಾಣ್ಯ ಅಸಲಿಯೇ ಇರಬಹುದು, ಆದರೆ ಬೆಲೆ ಬೆಳ್ಳಿಯ ಬೆಲೆಯ ಹತ್ತಿರ ಇರಬೇಕು. ಲೆಕ್ಕ ಸುಲಭ: 20 ಕುರುಶ್ ಮೆಜಿದಿಯೆಯಲ್ಲಿ ಶುದ್ಧ ಬೆಳ್ಳಿ 20 ಗ್ರಾಂಗೆ ಸ್ವಲ್ಪ ಕಡಿಮೆ, ಹಾಲಿ ಸಿಕ್ಕಾ ರೂಪಾಯಿಯಲ್ಲಿ 9.1 ಗ್ರಾಂ. ಕೊಳ್ಳುವ ದಿನದ ಬೆಳ್ಳಿ ದರದಿಂದ ಗುಣಿಸಿ. ಕುಣಿಕೆ ತೆಗೆಸಬೇಡಿ. ತೆಗೆದ ಜಾಗದಲ್ಲಿ ಬೆಸುಗೆಯ ಕಲೆ ಉಳಿಯುತ್ತದೆ, ಕಾಯಿಸಿದ್ದರಿಂದ ಸುತ್ತಲ ಬಣ್ಣವೂ ಹೋಗುತ್ತದೆ. ತೂತು ಮುಚ್ಚಿಸಿದ ನಾಣ್ಯ ಇನ್ನೂ ಕೆಟ್ಟದ್ದು.

ಪ್ರಶ್ನೆ (ಬೀದರ್): ನಿಜಾಮರ ಸೊಸೆ ತುರ್ಕಿ ರಾಜಕುಮಾರಿ. ನಮ್ಮ ಭಾಗದ ಮೆಜಿದಿಯೆಗಳು ಆ ಮದುವೆಯ ಜೊತೆ ಬಂದವೇ?

ಉತ್ತರ: ಕೇಳಲು ಚೆಂದ, ಹೊಂದುವುದಿಲ್ಲ. ಕೊನೆಯ ಖಲೀಫ ಎರಡನೇ ಅಬ್ದುಲ್ ಮೆಜಿದರ ಮಗಳು ದುರ್ರುಶೆಹ್ವಾರ್ ನಿಜಾಮರ ಹಿರಿಯ ಮಗನನ್ನು ಮದುವೆಯಾದದ್ದು 1931ರಲ್ಲಿ, ಫ್ರಾನ್ಸಿನ ನೀಸ್ ಪಟ್ಟಣದಲ್ಲಿ. ಸುಲ್ತಾನಗಿರಿ 1922ರಲ್ಲೇ ಹೋಗಿತ್ತು, ಖಿಲಾಫತ್ 1924ರಲ್ಲಿ. ಖಲೀಫರ ಕುಟುಂಬ ದೇಶಭ್ರಷ್ಟವಾಗಿತ್ತು. ಹೆಚ್ಚು ನಂಬಬಹುದಾದ ದಾರಿ ಹಜ್ ಯಾತ್ರೆ. ಮೆಕ್ಕಾ, ಮದೀನಾ ಇರುವ ಹಿಜಾಜ್ ಮೊದಲ ಮಹಾಯುದ್ಧದ ಕಾಲದವರೆಗೆ ಆಟೊಮನ್ನರ ಕೈಯಲ್ಲಿತ್ತು, ಮುಂಬಯಿಯಿಂದ ಜೆದ್ದಾಕ್ಕೆ ಹಡಗಿನಲ್ಲಿ ಹೋದವರು ಅಲ್ಲಿಯ ಬಜಾರಿನಲ್ಲಿ ಈ ನಾಣ್ಯಗಳನ್ನೇ ಮುಟ್ಟುತ್ತಿದ್ದರು. ಇದೇ ಗಂಟಿನಲ್ಲಿ 28 ಗ್ರಾಂ ತೂಗುವ, ದಪ್ಪ ಮೈಯ ಹೆಣ್ಣಿನ ಮುಖವಿರುವ, 1780 ಎಂದು ಬರೆದ ಆಸ್ಟ್ರಿಯಾದ ಬೆಳ್ಳಿ ನಾಣ್ಯ, ಮರಿಯಾ ತೆರೇಸಾ ಥಾಲರ್ ಸಿಕ್ಕರೆ ಆ ದಾರಿ ಇನ್ನೂ ಗಟ್ಟಿ. ಕೆಂಪು ಸಮುದ್ರದ ವ್ಯಾಪಾರ ನಡೆದದ್ದು ಅದರಲ್ಲೇ. ಮನೆಯಲ್ಲಿ ಹಳೆಯ ಹಜ್ ಪಾಸ್‌ಪೋರ್ಟ್, ಹಡಗಿನ ಚೀಟಿ ಇದ್ದರೆ ನಾಣ್ಯದ ಜೊತೆಗೇ ಇಡಿ. ಅದು ಇಲ್ಲದೆ ಕಥೆ ಕಥೆಯಾಗಿಯೇ ಉಳಿಯುತ್ತದೆ.

ನಿಮ್ಮ ಊರಿಗೆ ತುರ್ಕರ ನಂಟು ಇದಕ್ಕಿಂತ ಬಹಳ ಹಳೆಯದು. ಬೀದರಿನ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಆಟೊಮನ್ ಸುಲ್ತಾನ ಎರಡನೇ ಮೆಹಮದನಿಗೆ ಪತ್ರ ಬರೆದಿದ್ದ. ಇಬ್ಬರೂ ತೀರಿಹೋದದ್ದು ಒಂದೇ ವರ್ಷ, 1481ರಲ್ಲಿ. ಗಾವಾನನ ಕಾಲದ ಬಹಮನಿ ಬೆಳ್ಳಿ ಟಂಕ 11 ಗ್ರಾಂ ಸುಮಾರಿನದು, ಆ ಸುಲ್ತಾನನ ಕೊನೆಯ ವರ್ಷಗಳ ಆಕ್ಚೆ, ಅಂದರೆ ಆಟೊಮನ್ನರ ಹಳೆಯ ಚಿಕ್ಕ ಬೆಳ್ಳಿ ನಾಣ್ಯ, ಒಂದು ಗ್ರಾಂ ಕೂಡ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಂದು ದೊಡ್ಡ ಸಂತೋಷ.

ಪ್ರಶ್ನೆ (ಸುರಪುರ): ಇಸ್ತಾಂಬುಲ್‌ಗೆ ಹೋಗುತ್ತಿದ್ದೇನೆ. ಅಲ್ಲಿ ನಾಣ್ಯ ಕೊಂಡು ತರಬಹುದೇ? ದುಬೈಯಲ್ಲಿರುವ ಮಗನಿಗೆ ಇಲ್ಲಿಯ ನಾಣ್ಯ ಕಳಿಸಬಹುದೇ?

ಉತ್ತರ: ಎರಡಕ್ಕೂ ಎಚ್ಚರ ಬೇಕು. ಟರ್ಕಿಯಲ್ಲಿ ಹಳೆಯ ನಾಣ್ಯಗಳು ಸಾಂಸ್ಕೃತಿಕ ಆಸ್ತಿ. ಅಬ್ದುಲ್ ಮೆಜಿದನಿಂದ ಕೊನೆಯವನವರೆಗಿನ ಆರು ಸುಲ್ತಾನರ ನಾಣ್ಯಗಳನ್ನು ದೇಶದ ಒಳಗೆ ಕೊಳ್ಳಲು, ಮಾರಲು ಅಲ್ಲಿಯ ಕಾನೂನು ಬಿಡುತ್ತದೆ, ಅದಕ್ಕೇ ಬಜಾರಿನಲ್ಲಿ ರಾಜಾರೋಷವಾಗಿ ಸಿಗುತ್ತವೆ. ದೇಶದ ಹೊರಗೆ ಒಯ್ಯುವುದು ಬೇರೆ ಮಾತು. ವಸ್ತುಸಂಗ್ರಹಾಲಯದ ಲಿಖಿತ ಅನುಮತಿ ಇಲ್ಲದೆ ಚೀಲದಲ್ಲಿ ಇಟ್ಟುಕೊಳ್ಳಬೇಡಿ, ವಿಮಾನ ನಿಲ್ದಾಣದಲ್ಲಿ ಅಂಗಡಿಯವನ ಬಿಲ್ಲು ನಿಮ್ಮನ್ನು ಕಾಪಾಡದು. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಯಾವ ನಾಣ್ಯವೂ ಪುರಾತನ ವಸ್ತುವೇ, ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ, ಕಳಿಸುವಂತಿಲ್ಲ. ಆಟೊಮನ್ನರ ಕೊನೆಯ ನಾಣ್ಯಗಳೂ ಈಗ ನೂರು ದಾಟಿವೆ. ಮಗನಿಗೆ ಫೋಟೊ ಕಳಿಸಿ. ಕೊಳ್ಳುವಾಗ ಪರವಾನಗಿ ಇರುವ ವ್ಯಾಪಾರಿಯಿಂದ, ನಾಣ್ಯದ ವಿವರ ಮತ್ತು ತೂಕ ಬರೆದ ಬಿಲ್ಲು ಪಡೆಯಿರಿ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯಗಳಿಗೆ ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೆಲದೊಳಗಿನ ಗಡಿಗೆಯಲ್ಲಿ ಸಿಕ್ಕ ಅಂಥ ನಾಣ್ಯ ಕರಗಿಸಲು ಹೋದರೆ ಬಹಮನಿ ಇತಿಹಾಸದ ಒಂದು ಪುಟವೇ ಕರಗಿದಂತೆ.

ಪ್ರಶ್ನೆ (ಕಲಬುರಗಿ): ಜಾತ್ರೆಯಲ್ಲಿ ಕಾಬಾದ ಚಿತ್ರ, 786 ಇರುವ ‘ತುರ್ಕಿ ಬಾದಶಹಾನ ಬೆಳ್ಳಿ’ ಕೊಂಡೆ. ಅಸಲಿಯೇ? ಹೊಸಬರು ಯಾವುದರಿಂದ ಶುರು ಮಾಡಬೇಕು?

ಉತ್ತರ: ಅದು ಭಕ್ತಿಗಾಗಿ ಮಾಡಿದ ಬಿಲ್ಲೆ, ಚಲಾವಣೆಯ ನಾಣ್ಯವಲ್ಲ. ಆಟೊಮನ್ ಬೆಳ್ಳಿ ನಾಣ್ಯದಲ್ಲಿ ಕಟ್ಟಡದ ಚಿತ್ರ ಇಲ್ಲ, 786 ಇಲ್ಲ. ನಿಜಾಮರ ನಾಣ್ಯದಲ್ಲಿ 92 ಎಂಬ ಅಂಕಿ ಇರುತ್ತದೆ, ಅದು ಮುಹಮ್ಮದ್ ಹೆಸರಿನ ಅಕ್ಷರಗಳ ಮೊತ್ತ. 92 ಕಂಡರೆ ಹೈದರಾಬಾದ್ ಎಂದು ತಿಳಿಯಿರಿ.

ಶುರುವಿಗೆ ಒಬ್ಬನೇ ಸುಲ್ತಾನನನ್ನು ಹಿಡಿಯಿರಿ. ಅಬ್ದುಲ್ ಮೆಜಿದನ ಬೆಳ್ಳಿಯಲ್ಲಿ 20 ಕುರುಶ್ 24.05 ಗ್ರಾಂ, 10 ಕುರುಶ್ 12.03, 5 ಕುರುಶ್ 6.01, 2 ಕುರುಶ್ 2.41, 1 ಕುರುಶ್ 1.20. ಎಲ್ಲವೂ ಒಂದೇ ಅನುಪಾತ, ಹಾಗಾಗಿ ತೂಕ ನೋಡಿದ ಕೂಡಲೇ ಮುಖಬೆಲೆ ಗೊತ್ತಾಗುತ್ತದೆ. ಈ ಸಾಲು ಕೂಡಿದ ಮೇಲೆ ಕೈಯಿಂದ ಬಡಿದ ಹಳೆಯ ಆಕ್ಚೆಗೆ ಹೋಗಿ. ಅದು ನಮ್ಮ ಕಿರುಬೆರಳಿನ ಉಗುರಿನಷ್ಟು, ಅಚ್ಚು ನಾಣ್ಯಕ್ಕಿಂತ ದೊಡ್ಡದಿದ್ದುದರಿಂದ ಅರ್ಧ ಅಕ್ಷರ ಹೊರಗೇ ಉಳಿದಿರುತ್ತದೆ. ಕೊಳ್ಳುವ ಮುನ್ನ ಸುಲ್ತಾನನ ಹೆಸರು, ಊರು, ವರ್ಷ ಈ ಮೂರರಲ್ಲಿ ಎರಡಾದರೂ ಓದಲು ಬರುವಂತಿರಲಿ. ವರ್ಷ 926 ಇದ್ದರೆ ಸುಲೇಮಾನನದು, 886 ಇದ್ದರೆ ಅವನ ಅಜ್ಜ ಎರಡನೇ ಬಾಯಜೀದನದು.